ಟಾಕಿಯ ನೀರಿಗೆ ನಾನು ಬರೆದ ಬೋರ್ಡು

ಬೆಳಗಾವಿಯಲ್ಲಿ ನಮ್ಮ ಮನೆಯ ಎದುರಿಗೆ ಇಸ್ತ್ರಿಯವನ ಗಾಡಿ ನಿಲ್ಲುತ್ತದೆ. ಸಂಜೆ ಕೆಲಸ ಮುಗಿಸಿ ಅವನು ಇಸ್ತ್ರಿಪೆಟ್ಟಿಗೆಯೊಳಗಿನ ಕೆಂಡವನ್ನು ಗಟಾರದ ಅಂಚಿಗೆ ಸುರಿದು, ಮೇಲೆ ಒಂದು ಚೊಂಬು ನೀರು ಹೊಯ್ಯುತ್ತಾನೆ. ಚೊರ್ರೆಂದು ಉಗಿ ಏಳುತ್ತದೆ, ಹಿಂದೆಯೇ ತೊಯ್ದ ಬೂದಿಯ ವಾಸನೆ ಬರುತ್ತದೆ. ಆ ಹೊತ್ತಿಗೆ ನಾನು ಎದ್ದು ಕಿಟಕಿ ಹಾಕಿಬಿಡುತ್ತೇನೆ. ಮೊನ್ನೆ ಸೊಸೆ ಅದನ್ನು ನೋಡಿ, "ಅತ್ತೀ, ಆ ಬಡಪಾಯಿ ನಿಮಗೇನ ಮಾಡ್ಯಾನ್ರೀ?" ಎಂದು ನಕ್ಕಳು. ಅವನೇನೂ ಮಾಡಿಲ್ಲ. ಮಾಡಿದವಳು ನಾನು, ಮಾಡಿ ಐವತ್ತು ವರ್ಷವಾಯಿತು. ಶಾಲೆಯಲ್ಲಿ ಕಂಡವರ ಮಕ್ಕಳಿಗೆಲ್ಲ ಸುಳ್ಳು ಹೇಳಬಾರದೆಂದು ಕಿವಿ ಹಿಂಡಿ ಪೆನ್ಶನ್ ತೆಗೆದುಕೊಳ್ಳುತ್ತಿರುವ ನಾನು, ಇದೊಂದನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ನನ್ನ ಅಪ್ಪ ಈರಪ್ಪ ರೈಲ್ವೆಯಲ್ಲಿ ಪಂಪ್ ಡ್ರೈವರ್ ಆಗಿದ್ದ. ಪಂಪಿಗೂ ಡ್ರೈವರ್ ಇರುತ್ತಾನೆಯೇ ಎಂದು ಈಗಿನವರು ಕೇಳುತ್ತಾರೆ. ಅದು ಉಗಿಬಂಡಿಯ ಕಾಲ. ಇಂಜಿನ್ನಿಗೆ ಕಲ್ಲಿದ್ದಲು ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ. ಖಾನಾಪುರ ತಾಲೂಕಿನಲ್ಲಿ, ಮಲಪ್ರಭೆ ಹೊಳೆಗೆ ಹತ್ತಿರದ ಒಂದು ಸಣ್ಣ ಸ್ಟೇಶನ್ನಿನಲ್ಲಿ ಗಾಡಿಗಳು ನಿಂತು, ನೀರು ಕುಡಿದು ಮುಂದೆ ಹೋಗುತ್ತಿದ್ದವು. ಆ ಸ್ಟೇಶನ್ನಿನ ಹೆಸರು ಹೇಳುವುದಿಲ್ಲ. ಆ ಊರವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿಯೇ ಇದ್ದಾರೆ.

ಹೊಳೆಯ ಪಾತ್ರದಲ್ಲಿಯೇ ಕಲ್ಲಿನಿಂದ ಕಟ್ಟಿದ, ಮೇಲೆ ಮುಚ್ಚಿದ ಆಳವಾದ ಬಾವಿಯೊಂದಿತ್ತು. ಉಸುಕಿನಲ್ಲಿ ಸೋಸಿಕೊಂಡು ಅದರೊಳಗೆ ನೀರು ಇಳಿಯುತ್ತಿತ್ತು. ಅಪ್ಪ ಅದನ್ನು ಪಂಪಿನಿಂದ ಎತ್ತಿ ಸ್ಟೇಶನ್ನಿನ ಎತ್ತರದ ಕಬ್ಬಿಣದ ಟಾಕಿಗೆ ತುಂಬಿಸಬೇಕು. ಪ್ಲಾಟ್‌ಫಾರ್ಮಿನ ತುದಿಗೆ ನೀರಿನ ಕಂಬ, ಅದಕ್ಕೆ ಆನೆಯ ಸೊಂಡಿಲಿನಂಥ ದಪ್ಪ ಕೊಳವೆ. ಇಂಜಿನ್ ಬಂದು ಅದರ ಕೆಳಗೆ ನಿಂತರೆ, ಇತ್ತ ನೀರು ತುಂಬುತ್ತಿರುವಾಗಲೇ ಅತ್ತ ಅದರ ಹೊಟ್ಟೆಯ ಬೂದಿ ಕೆಂಡ ಹಳಿಯ ನಡುವಿನ ಗುಂಡಿಗೆ ಬೀಳುತ್ತಿತ್ತು. ಮೇಲಿನಿಂದ ಚೆಲ್ಲಿದ ನೀರು ಆ ಕೆಂಡದ ಮೇಲೆ ಬಿದ್ದು ಏಳುತ್ತಿದ್ದ ವಾಸನೆಯಲ್ಲಿಯೇ ನಾನು ಬೆಳೆದೆ. ಹೀಗೆ ಚೆಲ್ಲಿ ಹೋಗುವ ನೀರಿಗೆ ಊರಿನ ಹೆಂಗಸರು ಕೊಡ ಹಿಡಿದು ನಿಲ್ಲುವುದು ಮೊದಲಿನಿಂದಲೂ ನಡೆದು ಬಂದದ್ದು. ಇಂಜಿನ್ ಹೋದ ಮೇಲೂ ಅಪ್ಪ ಎರಡು ನಿಮಿಷ ವಾಲ್ವ್ ಬಿಟ್ಟಿರುತ್ತಿದ್ದ. ಯಾರೂ ಅದನ್ನು ದೊಡ್ಡ ವಿಷಯ ಮಾಡಿರಲಿಲ್ಲ.

ಆ ಹೆಂಗಸರಲ್ಲಿ ಶೇವಂತಾ ಕಾಕು ಒಬ್ಬಳು. ಮರಾಠಿ ಮನೆಯವಳಾದ್ದರಿಂದ ಚಿಕ್ಕಮ್ಮ ಅನ್ನುವ ಬದಲು ಕಾಕು ಅನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಮಾರುತಿ ಎಂಬ ಒಬ್ಬನೇ ಮಗ. ಎಮ್ಮೆ ಕಟ್ಟಿ ಮೊಸರು ಬೆಣ್ಣೆ ಮಾಡಿ ದಿನಾ ಬೆಳಗಿನ ಪ್ಯಾಸೆಂಜರಿಗೆ ಬೆಳಗಾವಿಗೆ ಒಯ್ದು ಮಾರುತ್ತಿದ್ದಳು. ನಾನು ಅದೇ ಗಾಡಿಗೆ ಪಿಯುಸಿ ಓದಲು ಬೆಳಗಾವಿಗೆ ಹೋಗುತ್ತಿದ್ದೆ. ಡಬ್ಬಿಯ ಬಾಗಿಲಿಗೆ ತನ್ನ ಬುಟ್ಟಿ ಅಡ್ಡ ಇಟ್ಟು ನನಗೆ ಜಾಗ ಹಿಡಿಯುತ್ತಿದ್ದಳು. ಯಾವನಾದರೂ ಹುಡುಗ ನನ್ನ ಕಡೆ ಎರಡು ಸಲ ನೋಡಿದರೆ ಮೂರನೆಯ ಸಲಕ್ಕೆ ಅವಳ ನಾಲಿಗೆ ಏಳುತ್ತಿತ್ತು. ನನ್ನ ಅಪ್ಪನನ್ನು ಅವಳು ಭಾವೂ ಎಂದು, ಅಂದರೆ ಅಣ್ಣ ಎಂದು, ನನ್ನನ್ನು ಬಾಳಾ ಎಂದು, ಅಂದರೆ ಮಗು ಎಂದು, ಕರೆಯುತ್ತಿದ್ದಳು. "ನಿಮ್ಮಪ್ಪ ಸುಳ್ಳು ಹೇಳಿದ್ದು ನಾ ಒಂದ ದಿನಾ ಕೇಳಿಲ್ಲ, ಬಾಳಾ. ಅಂಥಾ ಮನಶ್ಯಾನ ಹೊಟ್ಟೀಲೆ ಹುಟ್ಟೀದಿ, ನೆನಪ ಇಟ್ಟುಕೋ" ಎಂದು ಗಾಡಿಯಲ್ಲಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಎಪ್ಪತ್ತೆರಡು ಮುಗಿದು ಎಪ್ಪತ್ತಮೂರು ಹಿಡಿದ ಚಳಿಗಾಲವದು. ಖಾನಾಪುರವೆಂದರೆ ಮಳೆಯ ಸೀಮೆ. ಆಷಾಢ ಶ್ರಾವಣದಲ್ಲಿ ಬಟ್ಟೆ ಒಣಗುವುದಿಲ್ಲ, ಸೂರ್ಯನ ಮುಖ ಕಾಣುವುದಿಲ್ಲ. ಆ ವರ್ಷ ಶ್ರಾವಣಕ್ಕೇ ಮಳೆ ಕೈಬಿಟ್ಟಿತು. ಸ್ವಾತಿಗೆ ಬಂದೀತೆಂದರು, ಬರಲಿಲ್ಲ. ವಿಶಾಖೆಗೆ ಬಂದೀತೆಂದರು, ಗಾಳಿಯಷ್ಟೇ ಬಂತು. ಭತ್ತದ ಗದ್ದೆಯಲ್ಲಿ ತೆನೆ ಜೊಳ್ಳಾಗಿ ನಿಂತಿತು. ಭತ್ತದ ಹಿಂದೆ ಹಾಕುವ ಮಸೂರು ಮೊಳಕೆಯನ್ನೇ ಒಡೆಯಲಿಲ್ಲ. ಬೆಳಗಿನ ಚಳಿ ಮಾತ್ರ ತಪ್ಪಲಿಲ್ಲ. ಆದರೆ ಅದು ಇಬ್ಬನಿಯಿಲ್ಲದ, ತುಟಿ ಒಡೆಯುವ ಬರೀ ಒಣ ಚಳಿ.

ಅವ್ವನ ತವರು ಬೀಡಿ ಎಂಬ ಊರು. ಅದು ಅದೇ ತಾಲೂಕಿನದಾದರೂ ಮಳೆ ಕಡಿಮೆ ಇರುವ ಮಗ್ಗುಲು. ಹಾಗಾಗಿ ಅವ್ವನಿಗೆ ಬರದ ಹೆಜ್ಜೆ ಸಪ್ಪಳ ಗೊತ್ತಿತ್ತು. "ನಮ್ಮ ಬೀಡ್ಯಾಗಿನ ಮಂದಿ ನೀರ ಹೆಂಗ ಕಾಯಬೇಕು ತಿಳದಾರು. ಈ ಮಳಿ ಊರಾವರಿಗೆ ತಿಳಿಯಂಗಿಲ್ಲ ನೋಡ್ರಿ. ಇವರು ಕಡೀ ಹನಿ ಮಟಾ ಕೈಕಾಲ ತೊಳಕೋತಾರು" ಎಂದು ಅಪ್ಪನಿಗೆ ಹೇಳಿದಳು. ಅವಳು ಹೇಳಿದಂತೆಯೇ ಆಯಿತು. ದೀಪಾವಳಿ ಮುಗಿಯುವಷ್ಟರಲ್ಲಿ ಊರ ಬಾವಿಯ ಕೆಳಗಿನ ಮೆಟ್ಟಿಲು ಕಂಡವು. ಹೊಳೆ ಹರಿಯುವುದನ್ನು ಬಿಟ್ಟು ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿತು.

ಆಗ ನೀರಿನ ಕಂಬದ ಕೆಳಗೆ ಕೊಡಗಳು ಹೆಚ್ಚಿದವು. ಮೊದಲು ಹತ್ತು ಹೆಂಗಸರು ಬರುತ್ತಿದ್ದಲ್ಲಿ ನೂರು ಜನ ಬಂದರು. ಆಮೇಲೆ ಬೇರೆ ಊರುಗಳಿಂದ ಚಕ್ಕಡಿಯ ಮೇಲೆ ಪೀಪಾಯಿ ಇಟ್ಟುಕೊಂಡು ಬಂದರು. ಅಪ್ಪನಿಗೆ ಇಲ್ಲವೆನ್ನುವ ನಾಲಿಗೆ ಇರಲಿಲ್ಲ. ನದಿಯೊಳಗಿನ ಬಾವಿಯೂ ಮೊದಲಿನಂತೆ ಊರುತ್ತಿರಲಿಲ್ಲ. ಆರು ತಾಸು ಪಂಪು ಓಡಿದರೆ ಟಾಕಿ ಅರ್ಧ ಆಗುತ್ತಿತ್ತು. ಡಿಸೆಂಬರಿನ ಒಂದು ಮುಂಜಾನೆ ಗೂಡ್ಸ್ ಗಾಡಿ ಬಂದು ನಿಂತಾಗ ಟಾಕಿಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಇಂಜಿನ್ನಿಗೆ ನೀರು ಸಾಲದೆ ಬೆಂಕಿ ಕೆಡವಬೇಕಾಯಿತು. ಮಧ್ಯಾಹ್ನದವರೆಗೆ ಹಳಿ ಮುಚ್ಚಿಹೋಯಿತು, ಹಿಂದಿನ ಗಾಡಿಗಳೆಲ್ಲ ನಿಂತವು.

ಮೇಲಿನವರು ಬಂದು ವಿಚಾರಿಸಿದರು. ಕೂಗಾಡಲಿಲ್ಲ. ಇನ್ನೊಮ್ಮೆ ಹೀಗಾದರೆ ನೌಕರಿಯೂ ಇಲ್ಲ, ಕ್ವಾರ್ಟರ್ಸೂ ಇಲ್ಲ ಎಂದು ಸಮಾಧಾನವಾಗಿಯೇ ಹೇಳಿ ಹೋದರು. ಅಪ್ಪ ಎರಡು ದಿನ ಕಂಬದ ಹತ್ತಿರ ನಿಂತು ಕೈಮುಗಿದು ಜನರನ್ನು ಹಿಂದೆ ಕಳಿಸಲು ನೋಡಿದ. ಅವರು ಅವನಿಗಿಂತ ಚೆನ್ನಾಗಿ ಕೈಮುಗಿದರು. ಮೂರನೆಯ ದಿನ ಊಟಕ್ಕೆ ಕುಳಿತವನು ರೊಟ್ಟಿ ಮುರಿಯದೆ ಹೇಳಿದ: "ಬ್ಯಾರೆ ಕಡೆ ಇಂಜಿನ್ನಿನ ನೀರಿಗೆ ಏನೋ ಔಷಧ ಹಾಕತಾರಂತ, ಬಾಯ್ಲರ್ ಕಿಲಬು ಹಿಡಿಬಾರದಂತ. ನಮ್ಮ ಟಾಕಿಗೂ ಹಾಕೇವಿ ಅಂತ ಹೇಳಿದ್ರ ಹೆಂಗ? ಎರಡ ತಿಂಗಳ ಮಾತು. ಅಷ್ಟರಾಗ ಒಂದ ಸಣ್ಣ ಮಳಿ ಬಂದs ಬರತೈತಿ. ಬಂದ ಕೂಡಲೇ ಬಿಟ್ಟ ಬಿಡೂಣು."

ಅವ್ವ ತಟ್ಟುತ್ತಿದ್ದ ರೊಟ್ಟಿ ನಿಲ್ಲಿಸಿದಳು. "ಮನಶ್ಯಾರ ಮ್ಯಾಲೆ ಚಾಡಿ ಹೇಳಿದ್ರ ತಿದ್ದಬಹುದು. ನೀರಿಗೆ ಕೆಟ್ಟ ಹೆಸರ ತರಬ್ಯಾಡ್ರೀ" ಅಂದಳು. ಅಪ್ಪ ನನ್ನ ಕಡೆ ನೋಡಿ, "ನಿನ್ನ ಅಕ್ಷರ ದುಂಡಗ ಅದಾವು. ಒಂದ ಬೋರ್ಡ ಬರದ ಕೊಡವಾ" ಅಂದ.

ನನ್ನ ಅಕ್ಷರ ದುಂಡಗಿದ್ದದ್ದೇ ನನ್ನ ಶನಿಯಾಯಿತು. ಹಳೆಯ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಕನ್ನಡದಲ್ಲೊಂದು ಸಾಲು, ಮರಾಠಿಯಲ್ಲೊಂದು ಸಾಲು ಬರೆದೆ: ಈ ನೀರಿನಲ್ಲಿ ಔಷಧ ಹಾಕಿದೆ, ಕುಡಿಯಬಾರದು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆ ಊರಿನಲ್ಲಿ ಓದಲು ಬರುತ್ತಿದ್ದವರು ಎಷ್ಟು ಮಂದಿ? ನಾಲ್ಕು ದಿನ ಹೆದರಿ ಐದನೆಯ ದಿನ ಮತ್ತೆ ಕೊಡ ತರುತ್ತಿದ್ದರು. ಆದರೆ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಬಾಟಲಿಗಳ ಮೇಲೆ ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಎಲುಬು ಇರುತ್ತಿದ್ದವು. ಅದರ ಚಿತ್ರ ತೆಗೆಯಲು ನನ್ನ ಕೈ ತುರಿಸುತ್ತಿತ್ತು. ಬೋರ್ಡಿನ ನಡುವೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬುರುಡೆ ತೆಗೆದೆ. ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿದೆ. ಹದಿನೇಳರ ಹುಡುಗಿಗೆ ಅದೊಂದು ಹೆಚ್ಚುಗಾರಿಕೆ. ಅಪ್ಪ ನೋಡಿ, "ಇದನ್ಯಾಕ ಹಾಕೀ?" ಎಂದು ಕೇಳಿದ. "ಚಂದ ಕಾಣಲಿ ಅಂತ" ಅಂದೆ. ಅವನು ನಕ್ಕು ಬೋರ್ಡು ಒಯ್ದು ಕಂಬಕ್ಕೆ ಹೊಡೆದ.

ಆ ಬುರುಡೆ ಊರವರಿಗೆ ಹೊಸದಲ್ಲ ಎಂಬುದು ನನಗೆ ಗೊತ್ತಿತ್ತು. ಹಿಂದಿನ ವರ್ಷವಷ್ಟೇ ಊರಿಗೆ ಕರೆಂಟು ಬಂದಿತ್ತು. ಕಂಬಗಳಿಗೆ ಅಂಥದೇ ಬುರುಡೆಯ ತಗಡು ಬಡಿದಿದ್ದರು. ಮಳೆಯಲ್ಲಿ ಅಂಥ ಒಂದು ಕಂಬಕ್ಕೆ ಮೈ ತಿಕ್ಕಿ ಶೇವಂತಾ ಕಾಕುವಿನ ಹಿಂಡುವ ಎಮ್ಮೆ ನಿಂತಲ್ಲಿಯೇ ಸತ್ತಿತ್ತು. ಬುರುಡೆ ಇದ್ದಲ್ಲಿ ಸಾವು ಇದೆ ಎಂದು ಆ ಊರು ಕಣ್ಣಾರೆ ಕಲಿತಿತ್ತು.

ಒಂದೇ ದಿನದಲ್ಲಿ ಪ್ಲಾಟ್‌ಫಾರ್ಮು ಖಾಲಿಯಾಯಿತು. ಚಕ್ಕಡಿಗಳು ದೂರದಲ್ಲಿಯೇ ತಿರುಗಿ ಹೋದವು. ಆ ಮೌನ ನೋಡಿ ನನಗೆ ಮೊದಲು ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ. ಟಾಕಿ ತುಂಬಿತು, ಗಾಡಿಗಳು ಹೊತ್ತಿಗೆ ಸರಿಯಾಗಿ ಹೋದವು. ಕಾಕು ಮಾತ್ರ ಅಪ್ಪನನ್ನು ಹುಡುಕಿಕೊಂಡು ಬಂದು ಕೇಳಿದಳು. "ಭಾವೂ, ಖರೇನ ಹಾಕೀರೇನು ಔಷಧ?" ಅಪ್ಪ ಪಂಪಿಗೆ ಎಣ್ಣೆ ಬಿಡುತ್ತಿದ್ದ. ಅವಳ ಕಡೆ ತಿರುಗದೆ, "ಹೂಂ" ಅಂದ. "ಚಲೋ ಆತು ಹೇಳಿದ್ದು. ಇಲ್ಲಾಂದ್ರ ನಾವು ಕುಡದ ಸಾಯತಿದ್ದಿವಿ" ಎಂದು ಹೇಳಿ ಅವಳು ಹೋದಳು. ಊರವರು ಹೊಳೆಯ ಉಸುಕಿನಲ್ಲಿ ವರ್ತಿ ತೋಡಿಕೊಂಡರು. ಮೊಣಕೈಯುದ್ದ ಗುಂಡಿ ತೆಗೆದು ಕುಳಿತರೆ ಅದರಲ್ಲಿ ನೀರು ನಿಧಾನ ಜಿನುಗುತ್ತದೆ. ತೆಂಗಿನ ಚಿಪ್ಪಿನಿಂದ ತುಂಬಬೇಕು. ಒಂದು ಕೊಡಕ್ಕೆ ಒಂದು ತಾಸು ಹಿಡಿಯುತ್ತಿತ್ತು.

ಬೆಳಗಾವಿಯಲ್ಲಿಯೂ ಪರಿಸ್ಥಿತಿ ಬಿಗಿಯಾಗಿತ್ತು. ಶಹಾಪುರದ ಓಣಿಗಳಲ್ಲಿ ನಳದ ಮುಂದೆ ಬಣ್ಣಬಣ್ಣದ ಕೊಡಗಳು ಸಾಲು ಹಿಡಿದು ಕುಳಿತಿರುತ್ತಿದ್ದವು, ಅವುಗಳ ಒಡತಿಯರು ಜಗಳವಾಡುತ್ತಿದ್ದರು. ಕೋಟೆ ಕೆರೆಯ ಅಂಚು ಬಿರುಕು ಬಿಟ್ಟಿತ್ತು. ಆದರೂ ಅಲ್ಲಿ ನಳವೆಂಬುದೊಂದು ಇತ್ತು, ದಿನ ಬಿಟ್ಟು ದಿನವಾದರೂ ನೀರು ಬರುತ್ತಿತ್ತು. ಕಾಕು ಮೊಸರಿನ ಖಾಲಿ ಗಡಿಗೆಯಲ್ಲಿ ಯಾರದಾದರೂ ಮನೆಯ ನೀರು ಕೇಳಿ ತುಂಬಿಸಿಕೊಂಡು ಮರಳುತ್ತಿದ್ದಳು. ಗಾಡಿಯ ಕಿಟಕಿಯಿಂದ ಪಡುವಣ ಆಕಾಶ ನೋಡುತ್ತ, "ದೊಡ್ಡ ಮಳಿ ಬ್ಯಾಡ. ಉಸುಕ ತೊಯ್ಯೂವಷ್ಟ ಸಾಕು. ದೇವರಿಗೆ ಇದಕ್ಕಿಂತಾ ಕಡಿಮಿ ಹೆಂಗ ಕೇಳೂದು?" ಅನ್ನುತ್ತಿದ್ದಳು. ನಾನು ಸುಮ್ಮನೆ ಪುಸ್ತಕ ತೆರೆದುಕೊಳ್ಳುತ್ತಿದ್ದೆ. ಆ ಸಣ್ಣ ಮಳೆ ಅವಳಿಗಿಂತ ನನಗೆ ಹೆಚ್ಚು ಬೇಕಾಗಿತ್ತು.

ಸಂಕ್ರಾಂತಿಯಾದ ನಾಲ್ಕೈದು ದಿನಕ್ಕೆ ನಿಜವಾಗಿಯೂ ಮೋಡವಾಯಿತು. ಮಧ್ಯಾಹ್ನ ಘಟ್ಟದ ಕಡೆಯಿಂದ ಕಪ್ಪಗೆ ಎದ್ದು ಬಂತು. ಊರಿಗೆ ಊರೇ ಸ್ಟೇಶನ್ನಿನ ಬಯಲಿಗೆ ಬಂದು ನಿಂತಿತು. ಯಾರೂ ಮಾತಾಡಲಿಲ್ಲ, ಮಾತಾಡಿದರೆ ಹೋದೀತೆಂಬ ಅಂಜಿಕೆ. ಅವ್ವ ಅಂಗಳದಲ್ಲಿ ಬೋರಲಿದ್ದ ಪಾತ್ರೆಗಳನ್ನೆಲ್ಲ ನೆಟ್ಟಗೆ ಮಾಡಿ ಇಟ್ಟಳು. ನಾಲ್ಕು ದಪ್ಪ ಹನಿ ತಗಡಿನ ಮೇಲೆ ಟಪಟಪ ಬಿದ್ದವು. ಮಣ್ಣಿನ ವಾಸನೆ ಎದ್ದಿತು. ಅಪ್ಪ ಸುತ್ತಿಗೆ ಹಿಡಿದುಕೊಂಡು ನೀರಿನ ಕಂಬದ ಕಡೆ ನಡೆದದ್ದನ್ನು ನಾನು ನೋಡಿದೆ. ಬೋರ್ಡು ಕೀಳಲು ಹೊರಟಿದ್ದ. ಅವನು ಅಲ್ಲಿ ಮುಟ್ಟುವುದರೊಳಗೆ ಗಾಳಿ ತಿರುಗಿತು. ಮೋಡ ಚದುರಿ ಬಿಸಿಲು ಬಿತ್ತು, ಮಂದಿ ಒಬ್ಬೊಬ್ಬರಾಗಿ ಮನೆಗೆ ಹೋದರು. ಅಪ್ಪ ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಮರಳಿದ.

ಫೆಬ್ರುವರಿಯಲ್ಲಿ ಉಸುಕಿನ ವರ್ತಿಗಳೂ ಬತ್ತಿದವು. ರೈಲ್ವೆಯ ಬಾವಿ ಆಳದ್ದು, ಅದರ ನೀರು ಹೇಗೋ ನಡೆದಿತ್ತು. ಊರವರಿಗೆ ಉಳಿದದ್ದು ದನ ಮೈ ತೊಳೆಯುವ ಮಡು ಒಂದೇ. ಹಸಿರು ಪಾಚಿ ಕಟ್ಟಿದ ಆ ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿಕೊಂಡು ಒಯ್ಯತೊಡಗಿದರು. ಎಂಟು ದಿನವಾಗುವಷ್ಟರಲ್ಲಿ ಮೇಲಿನ ಕೇರಿಯಲ್ಲಿ ವಾಂತಿಭೇದಿ ಕಾಣಿಸಿತು. ಮೊದಲು ಒಬ್ಬ ಮುದುಕ ಹೋದ. ಅವನಿಗೆ ವಯಸ್ಸಾಗಿತ್ತೆಂದರು. ಆಮೇಲೆ ಹೋದವಳಿಗೆ ವಯಸ್ಸಾಗಿರಲಿಲ್ಲ. ನಮ್ಮ ಮನೆಯ ಹಿಂದಿನ ಹಾದಿಯಲ್ಲಿ ಹೆಣ ಹೋಗುವಾಗ ಅವ್ವ ಕದ ಮುಚ್ಚಲಿಲ್ಲ. ಅಪ್ಪ ನೋಡಲೆಂದೇ ತೆರೆದಿಟ್ಟಳು ಎಂದು ನನಗೆ ಈಗಲೂ ಅನಿಸುತ್ತದೆ.

ಮರುದಿನ ಮುಂಜಾನೆ ಅಪ್ಪ ಬೋರ್ಡು ಕಿತ್ತು ಹಾಕಿ, ಒಂದು ಕೊಡ ಟಾಕಿಯ ನೀರು ಹೆಗಲ ಮೇಲಿಟ್ಟುಕೊಂಡು ಊರ ಹನಮಂತ ದೇವರ ಗುಡಿಯ ಕಟ್ಟೆಗೆ ಹೋದ. ನಾನೂ ಹಿಂದೆ ಹೋದೆ. ಜನ ಸೇರಿದರು. ಅಪ್ಪನಿಗೆ ಭಾಷಣ ಬರುತ್ತಿರಲಿಲ್ಲ. "ತಪ್ಪಾಗೇತಿ. ಟಾಕಿ ನೀರಿನಾಗ ಏನೂ ಹಾಕಿಲ್ಲ. ನೌಕರಿ ಹೊಕ್ಕೈತಿ ಅಂತ ಅಂಜಿ ಸುಳ್ಳ ಹೇಳೇನಿ. ಹ್ವಾದರ ಹೋಗಲಿ. ಇವತ್ತಿನಿಂದ ಎಲ್ಲಾರೂ ಬಂದು ತುಂಬಕೋರಿ" ಅಂದ.

ಯಾರಾದರೂ ಬೈದಾರು, ಕಲ್ಲು ತೂರಿದರೂ ತೂರಿಯಾರು ಎಂದು ನಾನು ಹೆದರಿದ್ದೆ. ಯಾರಿಗೂ ಸಿಟ್ಟು ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಶೇವಂತಾ ಕಾಕು ಮುಂದೆ ಬಂದಳು.

"ಭಾವೂ, ನಮ್ಮ ಸಂಕಟಾ ನೋಡಾಕ ಆಗವಲ್ದು ನಿಮಗ. ಅದಕ್ಕ ಹಿಂಗ ಹೇಳಾಕತ್ತೀರಿ. ತಿಳಿತೈತಿ. ಆದ್ರ ನಿಮಗ ಸುಳ್ಳ ಹೇಳಾಕ ಬರಂಗಿಲ್ಲ, ಬಿಡ್ರಿ."

"ಆವತ್ತ ಹೇಳಿದ್ದ ಸುಳ್ಳು, ಶೇವಂತಕ್ಕಾ."

"ಆವತ್ತ ಬುರುಡಿ ಬರದ ಹಾಕಿದ್ರಿ. ಸುಳ್ಳಿಗೆ ಯಾರರ ಬುರುಡಿ ಬರೀತಾರೇನು?"

ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲಿಯೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅವನು ಚೊಂಬಿನಲ್ಲಿ ನೀರು ಬಗ್ಗಿಸಿ ಎಲ್ಲರೆದುರು ಗಟಗಟ ಕುಡಿದ. ಎರಡನೆಯ ಚೊಂಬು ಎತ್ತುವಷ್ಟರಲ್ಲಿ ಕಾಕು ಧಾವಿಸಿ ಬಂದು ಅದನ್ನು ಕಸಿದು ನೆಲಕ್ಕೆ ಚೆಲ್ಲಿದಳು. "ಹೆಂಡ್ರು ಮಕ್ಕಳು ಅದಾರು ನಿಮಗ. ನಮ್ಮ ಸಲುವಾಗಿ ಜೀವಾ ಕಳಕೋಬ್ಯಾಡ್ರೀ" ಎಂದು ಅತ್ತಳು. ಹಿರಿಯರೊಬ್ಬರು ಅಪ್ಪನ ತೋಳು ಹಿಡಿದು ಮನೆಯವರೆಗೆ ಕರೆತಂದು ಬಿಟ್ಟು, ಇವತ್ತೊಂದು ದಿನ ಇವರನ್ನು ನೋಡಿಕೊಳ್ಳಿರಿ ಎಂದು ಅವ್ವನಿಗೆ ಹೇಳಿ ಹೋದರು. ಮರುದಿನವೂ ಅಪ್ಪ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದದ್ದನ್ನು ಕಂಡರೂ ಅವರು ನಂಬಲಿಲ್ಲ. ರೈಲ್ವೆಯವರಿಗೆ ಆ ನೀರು ರೂಢಿಯಾಗಿರುತ್ತದೆ ಎಂದರು. ನಾಲ್ಕು ದಿನ ಕಂಬದ ಕೆಳಗೆ ಅಪ್ಪ ವಾಲ್ವ್ ತೆರೆದು ಕಾದ. ಒಂದು ಕೊಡವೂ ಬರಲಿಲ್ಲ.

ಆ ವಾರವೇ ಗಾಡಿಯಲ್ಲಿ ಕಾಕು ಕಾಣಲಿಲ್ಲ. ಮೊದಲನೆಯ ದಿನ ಎಮ್ಮೆಗೇನಾದರೂ ಆಗಿರಬೇಕೆಂದುಕೊಂಡೆ. ಎರಡನೆಯ ದಿನ ಅವಳ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು, ನನಗೆ ಪುಸ್ತಕದ ಅಕ್ಷರ ಕಾಣಲಿಲ್ಲ. ಮೂರನೆಯ ದಿನ ಕಾಲೇಜು ಬಿಟ್ಟು ಒಂದು ಬಾಟಲಿ ಟಾಕಿಯ ನೀರು ತುಂಬಿಕೊಂಡು ಅವಳ ಮನೆಗೆ ಓಡಿದೆ. ಮಾರುತಿ ಅಂಗಳದಲ್ಲಿ ಖಾನಾಪುರದ ದವಾಖಾನೆಗೆ ಒಯ್ಯಲು ಚಕ್ಕಡಿ ಹೂಡುತ್ತಿದ್ದ. ಒಳಗೆ ಕಾಕು ಗೋಣಿತಟ್ಟಿನ ಮೇಲೆ ಮಲಗಿದ್ದಳು. ಎರಡೇ ದಿನದಲ್ಲಿ ಕಣ್ಣು ಗುಳಿಬಿದ್ದು ಹೋಗಿದ್ದವು. ಬಾಟಲಿ ನೋಡಿ ತುಟಿ ಅಲುಗಿಸಿದಳು.

"ಯಾವ ನೀರ, ಬಾಳಾ?"

ಖರೇ ಹೇಳಿದರೆ ಅವಳು ಮುಖ ತಿರುಗಿಸುತ್ತಾಳೆ. ಅದು ನನಗೆ ಗೊತ್ತಿತ್ತು.

"ಬೆಳಗಾವಿ ನಳದ್ದು, ಕಾಕು."

ಅವಳ ತಲೆ ಎತ್ತಿ ಹಿಡಿದು ಕುಡಿಸಿದೆ. ನಿಲ್ಲಿಸದೆ ಬಾಟಲಿ ಖಾಲಿ ಮಾಡಿದಳು. "ಭಾಳ ಸೀ ಅದ" ಅಂದಳು. ಒಂದಷ್ಟು ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು. ಚಕ್ಕಡಿ ಖಾನಾಪುರ ಮುಟ್ಟುವ ಮೊದಲೇ ತೀರಿಕೊಂಡಳು.

ಅವಳು ಸತ್ತದ್ದಕ್ಕಿಂತ ನನ್ನನ್ನು ಹೆಚ್ಚು ಕೊರೆದದ್ದು ಬೇರೆ. ಆ ಸುಳ್ಳು ಎಷ್ಟು ಸುಲಭವಾಗಿತ್ತು. ಎರಡು ಶಬ್ದ. ಹತ್ತು ದಿನ ಮೊದಲು ಅದು ಹೊಳೆದಿದ್ದರೆ ಕಾಕು ಬದುಕುತ್ತಿದ್ದಳು, ಮೇಲಿನ ಕೇರಿಯವರೂ ಬದುಕುತ್ತಿದ್ದರು. ಅಪ್ಪ ಖರೇ ಹೇಳಲು ಹೋದ, ನಾನು ಬಾಯಿ ಮುಚ್ಚಿಕೊಂಡು ನಿಂತೆ. ಇಬ್ಬರಲ್ಲಿ ಒಬ್ಬರಿಗೂ ಬುದ್ಧಿ ಬರಲಿಲ್ಲ.

ಅಂದು ಸಂಜೆ ಪಂ‍ಪ್‌ಹೌಸಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಊರವರು ಅಂಜುತ್ತಾರೆಂದು ಗೊತ್ತಿದ್ದೂ ಬುರುಡೆ ಬರೆದೆನೆಂದೂ ಹೇಳಿದೆ. ಅವನು ನನ್ನ ತಲೆಯ ಮೇಲೆ ಎಣ್ಣೆ ಹತ್ತಿದ ಕೈ ಇಟ್ಟು, "ಬೋರ್ಡ ಬರಿಯಂತ ಹೇಳಿದಾಂವ ನಾ. ನೀ ಇದನ್ನ ಹೊರಬ್ಯಾಡ" ಅಂದ. ಆಮೇಲೆ ಸ್ಟೇಶನ್ ಮಾಸ್ತರರ ಹತ್ತಿರ ಹೋದ. ಅವರು ಒಳ್ಳೆಯವರು, ಕಣ್ಣೆದುರಿಗೆ ಹೆಣ ನೋಡಿ ನೋಡಿ ಬೇಸತ್ತಿದ್ದರು. ಮರುದಿನದಿಂದ ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ನಮ್ಮ ಟಾಕಿಯ ನೀರು ತುಂಬಿದ ಆರು ಡ್ರಮ್ಮುಗಳು ಬೆಳಗಾವಿಯ ದಿಕ್ಕಿನ ಮುಂದಿನ ಸ್ಟೇಶನ್ನಿಗೆ ಹೋದವು. ಅಲ್ಲಿ ಇಳಿದು, ಬೆಳಗಾವಿಯಿಂದ ಬರುವ ಪ್ಯಾಸೆಂಜರ್ ಹತ್ತಿ ಮರಳಿ ಬಂದವು. ಬೆಳಗಾವಿಯ ನೀರು ಬಂತೆಂದು ಊರವರು ಸಾಲಾಗಿ ನಿಂತು ತುಂಬಿಸಿಕೊಂಡರು. ಬೋರ್ಡು ಕಿತ್ತ ಕಂಬದ ಕೆಳಗೇ ನಿಂತು ಅದೇ ನೀರನ್ನು ಕುಡಿದು, ನಗರದವರ ನೀರಿನ ರುಚಿಯೇ ಬೇರೆ ಎಂದು ಹೊಗಳಿದರು. ನಗಬೇಕೆಂದರೂ ನನಗೆ ನಗೆ ಬರಲಿಲ್ಲ. ವಾಂತಿಭೇದಿ ಮಾತ್ರ ಹದಿನೈದು ದಿನದಲ್ಲಿ ನಿಂತಿತು.

ಆ ಸಣ್ಣ ಮಳೆ ಮಾರ್ಚ್ ಕೊನೆಗೆ ಬಂತು. ನನ್ನ ಕೆಮಿಸ್ಟ್ರಿ ಪೇಪರಿನ ದಿನ, ಕಾಲು ಗಂಟೆ ಬಿದ್ದಿರಬೇಕು. ಉಸುಕು ತೊಯ್ಯುವಷ್ಟು, ಕಾಕು ಕೇಳಿದಷ್ಟೇ. ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ತಲೆ ಎತ್ತಿ ಕಿಟಕಿಯ ಕಡೆ ನೋಡಿದರು. ನಾನು ಉತ್ತರಪತ್ರಿಕೆಯ ಮೇಲೆ ತಲೆಯಿಟ್ಟು ಅತ್ತೆ. ಮೇಲ್ವಿಚಾರಕರು ಪ್ರಶ್ನೆಗಳು ಕಠಿಣ ಇವೆಯೇ ಎಂದು ಕೇಳಿದರು, ಹೌದೆಂದೆ.

ಮುಂದಿನ ಮಳೆಗಾಲ ಎಂದಿನಂತೆ ಹೊಳೆ ತುಂಬಿತು. ಅದಾದ ವರ್ಷ ಅಪ್ಪನಿಗೆ ವರ್ಗವಾಯಿತು. ಹೊರಡುವ ದಿನ ಊರಿಗೆ ಊರೇ ಪ್ಲಾಟ್‌ಫಾರ್ಮಿಗೆ ಬಂದಿತ್ತು. ಹಾರ ಹಾಕಿದರು, ಕಾಯಿ ಕೊಟ್ಟರು, ಅವ್ವನಿಗೆ ಉಡಿ ತುಂಬಿದರು. ಬರಗಾಲದಲ್ಲಿ ವಿಷದ ನೀರು ಕುಡಿಯದಂತೆ ಮೊದಲೇ ಎಚ್ಚರಿಸಿದ, ನೌಕರಿ ಪಣಕ್ಕಿಟ್ಟು ಬೆಳಗಾವಿಯಿಂದ ನೀರು ತರಿಸಿದ ಧರ್ಮಾತ್ಮ ಎಂದು ಹಿರಿಯರು ನಾಲ್ಕು ಮಾತಾಡಿದರು. ಅಪ್ಪ ಹಾರದೊಳಗೆ ತಲೆ ತಗ್ಗಿಸಿ ನಿಂತಿದ್ದ. ಮಾರುತಿ ಬಂದು ಅವನ ಕಾಲಿಗೆ ಬಿದ್ದ. ಅಪ್ಪ ಹಿಂದಕ್ಕೆ ಸರಿದರೂ ಬಿಡಲಿಲ್ಲ.

"ಅವ್ವ ಚಕ್ಕಡ್ಯಾಗ ನನ್ನ ಕಡಿಂದ ಮಾತ ತಗೊಂಡಾಳ್ರೀ. ಈರಪ್ಪ ಭಾವೂ ಬ್ಯಾಡ ಅಂದ ನೀರ ನಿನ್ನ ಮಕ್ಕಳಿಗೆ ಎಂದೂ ಕುಡಸಬ್ಯಾಡ ಅಂದಾಳು. ಆ ಮಾತ ನಾ ಮೀರಂಗಿಲ್ಲ."

"ಮಾರುತಿ, ಆ ನೀರಿನಾಗ ಏನೂ ಇರಲಿಲ್ಲೋ" ಅಂದ ಅಪ್ಪ.

ಮಾರುತಿ ಕಣ್ಣೊರೆಸಿಕೊಂಡು ನಕ್ಕ. "ನೀವು ಹಂಗs ಅಂತೀರಂತ ಅವ್ವ ಹೇಳಿದ್ಳ್ರೀ" ಅಂದ.

ಗಾಡಿ ಶಿಳ್ಳೆ ಹಾಕಿತು. ನಾವು ಹತ್ತಿದೆವು. ಗಾಡಿ ಅಲುಗಿದ ಮೇಲೆ ಅಪ್ಪ ಹಾರ ತೆಗೆದು ನನ್ನ ಕೈಗೆ ಕೊಟ್ಟು, ಬಾಗಿಲಿನ ಸರಳು ಹಿಡಿದು ಹೊರಗೆ ಬಾಗಿ ಆ ನೀರಿನಲ್ಲಿ ಏನೂ ಇರಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ ಕೂಗಿ ಹೇಳಿದ. ಊರವರೆಲ್ಲ ಕೈ ಬೀಸಿದರು.